ಏಬ್ರಹಾಂ ಟಕ್ಕರ್, ಸರ್ರಿಯ ಜಮೀನುದಾರ ಮತ್ತು ನೀತಿಚಿಂತಕ: ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನೆಂಟನೇ ಶತಮಾನದ ಬ್ರಿಟನ್ನಿನ ನೀತಿಚಿಂತನೆಯನ್ನು ಓದಹೊರಟವರಿಗೆ ಹ್ಯೂಮ್, ಆಡಮ್ ಸ್ಮಿತ್ ದಾಟಿದ ಮೇಲೆ ಈ ಹೆಸರು ಯಾವುದೋ ಅಡಿಟಿಪ್ಪಣಿಯಲ್ಲಿ ಸಿಗುತ್ತದೆ. ಹಾಗೆ ಸಿಕ್ಕ ಮೇಲೆ ಓದುಗರು ಕೇಳುವ ಪ್ರಶ್ನೆಗಳನ್ನು, ಆದಷ್ಟೂ ಅವರದೇ ಮಾತಿನಲ್ಲಿ, ಇಲ್ಲಿ ಒಟ್ಟು ಮಾಡಿದ್ದೇವೆ.

## ಮೊದಲ ಪರಿಚಯ

ಯಾರು ಈ ಏಬ್ರಹಾಂ ಟಕ್ಕರ್? ಹೆಸರೇ ಕೇಳಿಲ್ಲವಲ್ಲ?

ಲಂಡನ್ನಿನಲ್ಲಿ ವ್ಯಾಪಾರಿಯೊಬ್ಬನ ಮಗನಾಗಿ 1705ರ ಸೆಪ್ಟೆಂಬರ್ 2ರಂದು ಹುಟ್ಟಿ, ಸರ್ರಿ ಕೌಂಟಿಯ ಬೆಚ್‌ವರ್ತ್ ಕ್ಯಾಸಲ್‌ನಲ್ಲಿ 1774ರ ನವೆಂಬರ್ 20ರಂದು ತೀರಿಕೊಂಡ ಇಂಗ್ಲಿಷ್ ಜಮೀನುದಾರ, ಅಲ್ಲಿಯ ಮಾತಿನಲ್ಲಿ 'ಕಂಟ್ರಿ ಜಂಟಲ್‌ಮನ್'. ಕಾಲೇಜಿನಲ್ಲಿ ಪಾಠ ಹೇಳಿದವನಲ್ಲ, ಚರ್ಚಿನಲ್ಲಿ ಹುದ್ದೆ ಹಿಡಿದವನಲ್ಲ, ಪಾರ್ಲಿಮೆಂಟಿಗೂ ಹೋಗಲಿಲ್ಲ. ಐವತ್ತರ ಆಸುಪಾಸಿನಲ್ಲಿ ಒಂದು ಭಾರೀ ಗ್ರಂಥ ಬರೆಯಲು ಕೂತು, ಸಾಯುವ ತನಕ ಅದನ್ನೇ ಬರೆದ. ಹೆಸರು 'ದಿ ಲೈಟ್ ಆಫ್ ನೇಚರ್ ಪರ್ಸ್ಯೂಡ್'. ನಿಸರ್ಗ ಕೊಟ್ಟ ಬೆಳಕಿನ ಜಾಡು ಹಿಡಿದು ಹೋಗುವುದು ಎಂದು ಅದರ ಅರ್ಥ. ಆ ಬೆಳಕು ಎಂದರೆ ಧರ್ಮಗ್ರಂಥದ ಆಸರೆಯಿಲ್ಲದೆ ಮನುಷ್ಯನಿಗೆ ದಕ್ಕುವ ವಿವೇಚನೆ.

ವ್ಯಾಪಾರದ ಬಗ್ಗೆ ಬರೆದ ಟಕ್ಕರ್ ಇವನೇನಾ?

ಅಲ್ಲ. ಅವನು ಜೋಸಾಯ ಟಕ್ಕರ್, ಗ್ಲಾಸ್ಟರ್ ಕೆಥೆಡ್ರಲ್ಲಿನ ಡೀನ್, ಅಂದರೆ ಅಲ್ಲಿಯ ಮುಖ್ಯ ಪಾದ್ರಿ. ವಾಣಿಜ್ಯದ ಬಗ್ಗೆ, ಅಮೆರಿಕದ ವಸಾಹತುಗಳ ಬಗ್ಗೆ ಬರೆದವನು. ಇಬ್ಬರೂ ಸಮಕಾಲೀನರಾದ್ದರಿಂದ ಗ್ರಂಥಾಲಯದ ಪಟ್ಟಿಗಳಲ್ಲಿ ಬೆರೆಕೆಯಾಗುತ್ತಾರೆ.

'ಕಂಟ್ರಿ ಜಂಟಲ್‌ಮನ್' ಅಂದರೆ ನಮ್ಮ ಪಟೇಲರು, ಇನಾಮ್ದಾರರ ಹಾಗೆಯಾ?

ಗತ್ತಿನಲ್ಲಿ ಹೋಲಿಕೆ ಇರಬಹುದು, ಕೆಲಸದಲ್ಲಿ ಇಲ್ಲ. ಪಟೇಲ ಸರ್ಕಾರದ ಪರವಾಗಿ ಕಂದಾಯ ವಸೂಲಿ ಮಾಡುವವನು. ಇನಾಮ್ದಾರನಿಗೆ ಭೂಮಿ ದೊರೆಯಿಂದ ಬಂದದ್ದು. ಇಂಗ್ಲಿಷ್ ಜಂಟಲ್‌ಮನ್ ಭೂಮಿಯ ಮಾಲೀಕ. ಮನೆಗೆ ಬೇಕಾದಷ್ಟು ಹೊಲ ತನ್ನ ಕೈಯಲ್ಲಿಟ್ಟುಕೊಂಡು ಉಳಿದದ್ದನ್ನು ಗೇಣಿಗೆ ಕೊಡುತ್ತಿದ್ದ. ಗೇಣಿದಾರನೂ ಬಡವನೇ ಆಗಿರಬೇಕಿಲ್ಲ. ಅವನು ಬಂಡವಾಳ ಹಾಕಿ ಕೂಲಿಯಾಳುಗಳಿಂದ ಬೇಸಾಯ ಮಾಡಿಸುತ್ತಿದ್ದ. ಹೀಗೆ ಮಾಲೀಕ, ಗೇಣಿದಾರ, ಕೂಲಿ ಎಂಬ ಮೂರು ಮೆಟ್ಟಿಲು. ಗೇಣಿ ಸಾಮಾನ್ಯವಾಗಿ ವರ್ಷಕ್ಕೆರಡು ಕಂತು, ಮಾರ್ಚ್ 25 ಮತ್ತು ಸೆಪ್ಟೆಂಬರ್ 29ಕ್ಕೆ. ಭೂಕಂದಾಯ ಪೌಂಡಿಗೆ ಒಂದರಿಂದ ನಾಲ್ಕು ಶಿಲಿಂಗ್ ನಡುವೆ ಏರಿಳಿಯುತ್ತಿತ್ತು. ಪೌಂಡಿಗೆ ಇಪ್ಪತ್ತು ಶಿಲಿಂಗ್ ಆದ್ದರಿಂದ, ಯುದ್ಧದ ವರ್ಷಗಳಲ್ಲಿ ಲೆಕ್ಕದ ಪ್ರಕಾರ ಐದನೇ ಒಂದು ಪಾಲು ಹೋಯಿತು. ಎಷ್ಟೋ ಕಡೆ ಜಮೀನಿನ ಬೆಲೆಕಟ್ಟು ಹಳೆಯದೇ ಉಳಿದಿದ್ದರಿಂದ ನಿಜವಾದ ಹೊರೆ ಅದಕ್ಕಿಂತ ಹಗುರ.

ಅಪ್ಪ ಲಂಡನ್ ವ್ಯಾಪಾರಿ ಅಂತೀರಿ, ಮಗ ಜಮೀನುದಾರ ಆಗಿದ್ದು ಹೇಗೆ?

ಕೊಂಡುಕೊಂಡ, ಅಷ್ಟೇ. ಮನೆತನ ಮೂಲತಃ ಸಾಮರ್ಸೆಟ್ ಕಡೆಯದು, ತಂದೆ ಲಂಡನ್ನಿನಲ್ಲಿ ಹಣ ಮಾಡಿದ. ಮಗು ಚಿಕ್ಕದಿರುವಾಗಲೇ ತಂದೆತಾಯಿ ಇಬ್ಬರೂ ಹೋದರು. ಸಾಕಿದವನು ಸೋದರಮಾವ ಸರ್ ಐಸಾಕ್ ಟಿಲ್ಲರ್ಡ್, ಪ್ರಾಮಾಣಿಕತೆಗೆ ಹೆಸರಾದ ಮನುಷ್ಯ. ತನ್ನಲ್ಲಿ ಒಳ್ಳೆಯದೇನಿದ್ದರೂ ಅದು ಮಾವನ ಋಣ ಎಂದು ಟಕ್ಕರ್ ಕೊನೆಯವರೆಗೂ ನೆನೆದ. 1727ರಲ್ಲಿ, ಇನ್ನೂ ಇಪ್ಪತ್ತೆರಡು ತುಂಬುವ ಹೊತ್ತಿಗೆ, ಡಾರ್ಕಿಂಗ್ ಪಟ್ಟಣದ ಬಳಿಯ ಬೆಚ್‌ವರ್ತ್ ಕ್ಯಾಸಲ್ಲನ್ನು ದೊಡ್ಡ ಜಮೀನಿನ ಸಮೇತ ಕೊಂಡ. ಪೇಟೆಯ ದುಡ್ಡು ಒಂದೇ ತಲೆಮಾರಿನಲ್ಲಿ ಹಳ್ಳಿಯ ಮರ್ಯಾದೆಯಾಗುವುದು ಆ ಕಾಲದ ಮಾಮೂಲು ದಾರಿ. ಆದರೆ ವ್ಯಾಪಾರಿಯ ಮಗನ ಲೆಕ್ಕದ ಬುದ್ಧಿ ಈತನ ತತ್ವದಲ್ಲೂ ಇಣುಕುತ್ತದೆ. ಮುಂದೆ 'ಜಗದ ಬ್ಯಾಂಕು' ಬಂದಾಗ ನೋಡುವಿರಂತೆ.

ಏನು ಓದಿದ್ದ? ಕಾನೂನು ಓದಿಯೂ ವಕೀಲಿಕೆ ಯಾಕೆ ಮಾಡಲಿಲ್ಲ?

ಬಿಷಪ್ಸ್ ಸ್ಟಾರ್ಟ್‌ಫರ್ಡ್‌ನ ಶಾಲೆ, 1721ರಲ್ಲಿ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜು, ಆಮೇಲೆ ಕಾನೂನು ಕಲಿಯಲು ಲಂಡನ್ನಿನ ಇನ್ನರ್ ಟೆಂಪಲ್ ಎಂಬ ವಕೀಲರ ಸಂಸ್ಥೆ. ಆಕ್ಸ್‌ಫರ್ಡಿನಲ್ಲಿ ಆತ 'ಜಂಟಲ್‌ಮನ್ ಕಾಮನರ್', ಅಂದರೆ ಹೆಚ್ಚು ಶುಲ್ಕ ಕೊಟ್ಟು ಹೆಚ್ಚು ಸವಲತ್ತು ಪಡೆಯುವ ವಿದ್ಯಾರ್ಥಿ. ಇಂಥವರಲ್ಲಿ ಬಹಳ ಮಂದಿ ಓದದೆಯೇ ಕಾಲ ಕಳೆದರು. ಟಕ್ಕರ್ ತತ್ವಶಾಸ್ತ್ರ, ಗಣಿತ, ಫ್ರೆಂಚ್, ಇಟಾಲಿಯನ್, ಸಂಗೀತ ಕಲಿತ. ವಕೀಲನಾಗಿ ಸನ್ನದು ಪಡೆಯಲಿಲ್ಲ. ಜಮೀನುದಾರರ ಮಕ್ಕಳು ಕಾನೂನು ಓದುತ್ತಿದ್ದದ್ದು ಕೋರ್ಟಿನಲ್ಲಿ ವಾದಿಸಲಿಕ್ಕಲ್ಲ. ಗೇಣಿ ಕರಾರು, ಉಯಿಲು, ಗಡಿ ತಂಟೆ ಇವನ್ನೆಲ್ಲ ತಾವೇ ಓದಿ ಅರ್ಥ ಮಾಡಿಕೊಳ್ಳಲಿಕ್ಕೆ.

## ಮನೆ, ಜಮೀನು, ಊರ ಕೆಲಸ

ಇಷ್ಟೆಲ್ಲಾ ಆಸ್ತಿ ಇಟ್ಟುಕೊಂಡು ದಿನವಿಡೀ ಏನು ಮಾಡುತ್ತಿದ್ದ?

ಬೇಗ ಏಳುವುದು, ಬೆಳಗಿನ ಹೊತ್ತು ಓದು-ಬರಹ, ಆಮೇಲೆ ಸರ್ರಿಯ ಗುಡ್ಡಗಳಲ್ಲಿ ನಡಿಗೆ ಇಲ್ಲವೇ ಕುದುರೆ ಸವಾರಿ. ವರ್ಷದಲ್ಲಿ ಕೆಲವು ತಿಂಗಳು ಲಂಡನ್ ವಾಸ. ಜಮೀನು ಕೈಗೆ ಬಂದೊಡನೆ ಬೇಸಾಯದ ಬಗ್ಗೆ ಹಳಬರೂ ಹೊಸಬರೂ ಬರೆದದ್ದನ್ನೆಲ್ಲ ಹುಡುಕಿ ಓದಿ ಟಿಪ್ಪಣಿ ಮಾಡಿಕೊಂಡ. ಯಾವ ವಿಷಯವನ್ನಾದರೂ ಮೊದಲು ಕೈಯಾರೆ ಬರೆದಿಟ್ಟುಕೊಂಡೇ ಅರಗಿಸಿಕೊಳ್ಳುವುದು ಈತನ ಅಭ್ಯಾಸ. ದೊಡ್ಡ ಗ್ರಂಥವನ್ನೂ, ಹಲವು ಕರಡುಗಳಾದ ಮೇಲೆ, ಎರಡು ಸಲ ಸ್ವಂತ ಕೈಯಲ್ಲೇ ಬರೆದ.

ಸಂಬಳ ಇಲ್ಲದ ಮ್ಯಾಜಿಸ್ಟ್ರೇಟ್ ಕೆಲಸ ಅಂದರೆ ಏನು? ದಿನನಿತ್ಯ ಏನಿರುತ್ತಿತ್ತು?

'ಜಸ್ಟಿಸ್ ಆಫ್ ದಿ ಪೀಸ್' ಎಂಬ ಈ ಹುದ್ದೆಯನ್ನು ಟಕ್ಕರ್ ನಿಷ್ಠೆಯಿಂದ ನಡೆಸಿದ. 1732ರ ಕಾಯ್ದೆಯಂತೆ ಇದಕ್ಕೆ ಭೂಮಿಯಿಂದ ವರ್ಷಕ್ಕೆ 100 ಪೌಂಡ್ ಆದಾಯ ಇರಬೇಕು. ಇಂದಿನ ತಹಶೀಲ್ದಾರರ, ಕೆಳಗಿನ ಕೋರ್ಟಿನ, ಪಂಚಾಯಿತಿಯ ಕೆಲಸಗಳ ಒಂದೊಂದು ತುಂಡು ಇದರಲ್ಲಿ ಸೇರಿತ್ತು.

ಸಣ್ಣಪುಟ್ಟ ದೂರುಗಳನ್ನು ಒಬ್ಬನೇ ತನ್ನ ಮನೆಯ ಪಡಸಾಲೆಯಲ್ಲಿ ಕೂತು ವಿಚಾರಿಸಬಹುದು: ಕೂಲಿ ಬಾಕಿ, ಬೈಗುಳ, ಹೊಡೆದಾಟ, ಅಲೆಮಾರಿಗಳು. ಹೆಂಡದಂಗಡಿಗೆ ಲೈಸೆನ್ಸ್ ಕೊಡುವುದಕ್ಕೆ ಇಬ್ಬರು ಬೇಕು. ಬಡವನೊಬ್ಬನನ್ನು ಅವನ ಮೂಲ ಊರಿಗೆ, ಅಂದರೆ ಆ ಊರಿನ ಚರ್ಚಿನ ವ್ಯಾಪ್ತಿಯಾದ ಪ್ಯಾರಿಷ್‌ಗೆ ಹಿಂದಕ್ಕೆ ಕಳಿಸುವ ಆದೇಶಕ್ಕೂ ಇಬ್ಬರ ಸಹಿ ಬೇಕು. ದೊಡ್ಡ ವಿಷಯಗಳೆಲ್ಲ ವರ್ಷಕ್ಕೆ ನಾಲ್ಕು ಸಲ ಸೇರುವ ಕ್ವಾರ್ಟರ್ ಸೆಷನ್ಸ್‌ಗೆ.

ಹೆಚ್ಚು ತಲೆಬಿಸಿ ಆ ಹಿಂದಕ್ಕೆ ಕಳಿಸುವ ಆದೇಶದ್ದೇ. 1662ರ ಕಾಯ್ದೆಯಂತೆ ವರ್ಷಕ್ಕೆ 10 ಪೌಂಡಿಗಿಂತ ಕಡಿಮೆ ಬಾಡಿಗೆಯ ಮನೆಗೆ ಬಂದವನು ಮುಂದೆ ಪ್ಯಾರಿಷ್‌ಗೆ ಹೊರೆಯಾದಾನು ಎಂದು ಕಂಡರೆ, 40 ದಿನದೊಳಗೆ ದೂರು ಕೊಟ್ಟು ಅವನನ್ನು ಹೊರಡಿಸಬಹುದಿತ್ತು. ಬಡವರನ್ನು ಸಾಕುವ ಖರ್ಚು ಆಯಾ ಪ್ಯಾರಿಷ್‌ನ ತೆರಿಗೆದಾರರ ಮೇಲೆ ಬೀಳುತ್ತಿದ್ದರಿಂದ ಎರಡು ಊರುಗಳು ಒಬ್ಬ ಮುದುಕಿಗಾಗಿ ವ್ಯಾಜ್ಯ ಹೂಡಿ, ಅವಳನ್ನು ಸಾಕುವುದಕ್ಕಿಂತ ಹೆಚ್ಚು ದುಡ್ಡನ್ನು ವಕೀಲರಿಗೆ ಸುರಿದದ್ದೂ ಉಂಟು. ಇನ್ನೊಂದು ಊನ ಬೇಟೆಯ ಕಾನೂನಿನದು: ಮೊಲ ಹಿಡಿದ ಬಡವನ ವಿಚಾರಣೆ ಮಾಡುವವನೂ ಒಬ್ಬ ಜಮೀನುದಾರನೇ. ಒಳ್ಳೆಯ ಮ್ಯಾಜಿಸ್ಟ್ರೇಟ್ ಸಿಕ್ಕರೆ ಊರಿನ ಪುಣ್ಯ, ಕೆಟ್ಟವನು ಸಿಕ್ಕರೆ ಕೇಳುವವರಿಲ್ಲ.

ನೀತಿಯ ಬಗ್ಗೆ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೆ? ಮನುಷ್ಯರು ಏನನ್ನು ಬಯಸಿ ಏನನ್ನು ಮಾಡುತ್ತಾರೆ ಎಂಬುದು ಮೇಜಿನ ಮುಂದೆಯೇ ಬಂದು ನಿಲ್ಲುತ್ತಿತ್ತು.

ರಾಜಕೀಯಕ್ಕೆ ಯಾಕೆ ಇಳಿಯಲಿಲ್ಲ? ಅಂತಸ್ತು ಇತ್ತಲ್ಲ?

ಕೌಂಟಿಯ ಪರವಾಗಿ ಪಾರ್ಲಿಮೆಂಟಿಗೆ ನಿಲ್ಲಲು ಕೇಳಿಕೊಂಡವರು ಇದ್ದರು; ಆತ ಒಪ್ಪಲಿಲ್ಲ. ಪಕ್ಷದ ಹುರುಪು ವಿವೇಚನೆಯನ್ನು ನುಂಗುತ್ತದೆ ಎಂಬುದು ಅವನ ಗಟ್ಟಿ ನಂಬಿಕೆ. 1755ರಲ್ಲಿ, ರಾಜಕೀಯ ಪಕ್ಷಗಳ ಕ್ಲಬ್ಬುಗಳಿಗೆ ಸೇರುವ ಮುನ್ನ ಯೋಚಿಸು ಎಂದು ಹಳ್ಳಿಯ ಜಂಟಲ್‌ಮನ್ ಒಬ್ಬ ಮಗನಿಗೆ ಹೇಳುವ ಬುದ್ಧಿಮಾತಿನ ರೂಪದಲ್ಲಿ ಕಿರುಹೊತ್ತಿಗೆ ಬರೆದ. ತಮಾಷೆಯೆಂದರೆ ಅವನಿಗಿದ್ದದ್ದು ಹೆಣ್ಣುಮಕ್ಕಳು ಮಾತ್ರ.

ಎಪ್ಸಮ್‌ನಲ್ಲಿ ನಡೆದ ಕೌಂಟಿ ಸಭೆಯೊಂದಕ್ಕೆ ಹೋಗಿದ್ದಾಗ ಎದುರು ಪಕ್ಷದವರು ಲಾವಣಿ ಕಟ್ಟಿ ಅಲ್ಲಿದ್ದವರನ್ನೆಲ್ಲ ಗೇಲಿ ಮಾಡಿದರು. ಟಕ್ಕರ್‌ಗೂ ಒಂದು ಪಾಲು ಬಂತು. ಅವನಿಗೆ ಅದು ಎಷ್ಟು ಹಿಡಿಸಿತೆಂದರೆ ಅದಕ್ಕೆ ತಾನೇ ರಾಗ ಹಾಕಿದ. ಈ ಮನುಷ್ಯನ ಸ್ವಭಾವ ತಿಳಿಯಲು ಇದೊಂದು ಸಾಕು.

ಹೆಂಡತಿಯ ಪತ್ರಗಳನ್ನು ನಕಲು ಮಾಡಿಟ್ಟ ಅಂತಾರಲ್ಲ, ನಿಜವಾ?

ನಿಜ. 1736ರಲ್ಲಿ ಡೊರೊತಿ ಬಾರ್ಕರ್ ಜತೆ ಮದುವೆ; ಆಕೆ ನೆರೆಯ ಜಮೀನುದಾರ, ಖಜಾನೆ ಕೋರ್ಟಿನ ಅಧಿಕಾರಿ ಎಡ್ವರ್ಡ್ ಬಾರ್ಕರ್ ಅವರ ಮಗಳು. 1754ರಲ್ಲಿ ಆಕೆ ತೀರಿಕೊಂಡಳು. ದೂರವಿದ್ದಾಗ ಇಬ್ಬರೂ ಬರೆದುಕೊಂಡಿದ್ದ ಪತ್ರಗಳನ್ನೆಲ್ಲ ಕೂಡಿಸಿ, 'ದಿ ಪಿಕ್ಚರ್ ಆಫ್ ಆರ್ಟ್‌ಲೆಸ್ ಲವ್' ಎಂದು ಹೆಸರಿಟ್ಟು, ಎರಡು ಸಲ ನಕಲು ಮಾಡಿದ. ಒಂದು ಪ್ರತಿ ಹೆಂಡತಿಯ ತಂದೆಗೆ; ಇನ್ನೊಂದನ್ನು ಹೆಣ್ಣುಮಕ್ಕಳಿಗೆ ಓದಿ ಹೇಳುತ್ತಿದ್ದ. ಜೂಡಿತ್, ಡೊರೊತಿ ಎಂಬ ಆ ಇಬ್ಬರ ಓದನ್ನೂ ತಾನೇ ನೋಡಿಕೊಂಡ. ದೊಡ್ಡ ಗ್ರಂಥಕ್ಕೆ ಕೈಹಾಕಿದ್ದು ಈ ಸಾವಿನ ನಂತರದ ಒಂದೆರಡು ವರ್ಷಗಳಲ್ಲೇ.

ಕಣ್ಣು ಹೋದ ಮೇಲೆ ಹೇಗೆ ಬರೆದ?

1771ರಲ್ಲಿ ಪೂರ್ತಿ ದೃಷ್ಟಿ ಹೋಯಿತು. ಬರೆಯುವ ಕೈ ಸಾಲು ತಪ್ಪದಂತೆ ಮಾಡುವ ಒಂದು ಸಾಧನವನ್ನು ತಾನೇ ಕಲ್ಪಿಸಿ ಮಾಡಿಸಿಕೊಂಡ. ಅದರಿಂದ ಬಂದ ಅಕ್ಷರ ಬೇರೆಯವರು ಓದಿ ನಕಲು ಮಾಡುವಷ್ಟು ಸ್ಪಷ್ಟವಾಗಿರುತ್ತಿತ್ತು. ನಕಲು ಮಾಡಿದವಳು ಜೂಡಿತ್. ಅಪ್ಪನಿಗೆ ಇಷ್ಟವಾದ ಲೇಖಕರನ್ನು ಓದಿ ಹೇಳಲೆಂದು ಆಕೆ ಗ್ರೀಕ್ ಕಲಿತಳು. ಮದುವೆಯಾಗಲಿಲ್ಲ, ತಂದೆಯ ನಂತರ ಆಸ್ತಿಯೂ ಹಸ್ತಪ್ರತಿಯೂ ಅವಳ ಕೈಗೆ ಬಂದವು, ಉಳಿದ ಸಂಪುಟಗಳನ್ನು ಅಚ್ಚಿಗೆ ತಂದದ್ದೂ ಅವಳೇ. ಟಕ್ಕರ್ ಬಗ್ಗೆ ಬರೆಯುವವರು ಈಕೆಯನ್ನು ಒಂದು ವಾಕ್ಯದಲ್ಲಿ ಮುಗಿಸುವುದು ಅನ್ಯಾಯ.

ಬೆಚ್‌ವರ್ತ್ ಕ್ಯಾಸಲ್ ಈಗಲೂ ಇದೆಯಾ?

ಪಾಳು ಗೋಡೆಗಳಿವೆ, ಡಾರ್ಕಿಂಗ್ ಸಮೀಪ ಮೋಲ್ ನದಿಯ ಪಕ್ಕ, ಒಂದು ಗಾಲ್ಫ್ ಮೈದಾನದ ಅಂಚಿನಲ್ಲಿ. ಹತ್ತೊಂಬತ್ತನೇ ಶತಮಾನದಲ್ಲಿ ಪಕ್ಕದ ಡೀಪ್‌ಡೀನ್ ಎಸ್ಟೇಟಿನವರು ಕೊಂಡು ಬಹುಭಾಗ ಕೆಡವಿದರು. ಟಕ್ಕರ್ ಕಾಲದಲ್ಲೂ ಅದು ಹೆಸರಿಗಷ್ಟೇ ಕೋಟೆ, ವಾಸಕ್ಕೆ ದೊಡ್ಡ ಮನೆ.

## ಪುಸ್ತಕ

ಎಡ್ವರ್ಡ್ ಸರ್ಚ್ ಯಾರು? ಪುಸ್ತಕದ ಮೇಲೆ ಟಕ್ಕರ್ ಹೆಸರೇ ಇಲ್ಲವಲ್ಲ?

ಅದು ಟಕ್ಕರ್ ಇಟ್ಟುಕೊಂಡ ಕಾವ್ಯನಾಮ. ಸರ್ಚ್ ಎಂದರೆ ಹುಡುಕಾಟ. 1763ರಲ್ಲಿ ಇಚ್ಛಾಸ್ವಾತಂತ್ರ್ಯ, ದೈವದ ಮುನ್ನರಿವು, ವಿಧಿ ಈ ಮೂರರ ಬಗ್ಗೆ ಒಂದು ತುಣುಕನ್ನು ಮಾದರಿಯಾಗಿ ಈ ಹೆಸರಲ್ಲಿ ಹೊರತಂದ. 'ಮಂತ್ಲಿ ರಿವ್ಯೂ' ಪತ್ರಿಕೆ ಟೀಕಿಸಿತು. ಅದಕ್ಕೆ ಅದೇ ವರ್ಷ ಉತ್ತರ ಬರೆದದ್ದು ಕತ್‌ಬರ್ಟ್ ಕಾಮೆಂಟ್ ಎಂಬ ಇನ್ನೊಂದು ಹೆಸರಿನಲ್ಲಿ! 1773ರಲ್ಲಿ ಇಂಗ್ಲಿಷ್ ಉಚ್ಚಾರಣೆಯ ದನಿಗಳ ಬಗ್ಗೆ ಬಂದ ಪುಟ್ಟ ಪುಸ್ತಕವೂ ಸರ್ಚ್ ಹೆಸರಿನದೇ. ಹಳೆಯ ಪಟ್ಟಿಗಳಲ್ಲಿ ಹುಡುಕುವಾಗ ಈ ಹೆಸರುಗಳನ್ನೂ ಹಾಕಿ ನೋಡಿ.

ಯಾವ ಆವೃತ್ತಿ ಓದಲಿ? ಎಲ್ಲಿಂದ ಶುರು ಮಾಡಲಿ?

ಮೊದಲ ಭಾಗ 1768ರಲ್ಲಿ ಬಂತು, ಉಳಿದದ್ದು ಲೇಖಕ ಸತ್ತ ಮೇಲೆ 1778ರಲ್ಲಿ. 1805ರಲ್ಲಿ ಮೊಮ್ಮಗ ಸರ್ ಹೆನ್ರಿ ಪಾಲೆಟ್ ಸೇಂಟ್ ಜಾನ್ ಮಿಲ್ಡ್‌ಮೇ ಏಳು ಸಂಪುಟಗಳಲ್ಲಿ ಮರುಮುದ್ರಿಸಿ ಅಜ್ಜನ ಜೀವನಚಿತ್ರ ಸೇರಿಸಿದ. ನಮಗೆ ತಿಳಿದ ಮನೆವಾರ್ತೆಯ ಬಹುಪಾಲು ಅಲ್ಲಿಂದ ಬಂದದ್ದು. 1807ರಲ್ಲಿ, ಮುಂದೆ ಪ್ರಬಂಧಕಾರನಾಗಿ ಹೆಸರಾದ ತರುಣ ವಿಲಿಯಂ ಹ್ಯಾಜ್ಲಿಟ್ ಇಡೀ ಗ್ರಂಥವನ್ನು ಒಂದೇ ಸಂಪುಟಕ್ಕೆ ಇಳಿಸಿದ.

ಮೊದಲ ಸಲ ಓದುವವರು ಹ್ಯಾಜ್ಲಿಟ್ ಸಂಗ್ರಹ ಹಿಡಿಯುವುದೇ ಸರಿ. ಆದರೆ ಅದರಲ್ಲಿ ವಾದ ಉಳಿದು ಹರಟೆ ಹೋಗಿದೆ, ಟಕ್ಕರ್‌ನ ರುಚಿಯಿರುವುದು ಹರಟೆಯಲ್ಲಿ. ಆದ್ದರಿಂದ ಒಂದು ವಿಷಯವನ್ನು ಸಂಗ್ರಹದಲ್ಲಿ ಓದಿ, ಅದೇ ಅಧ್ಯಾಯವನ್ನು 1805ರ ಆವೃತ್ತಿಯಲ್ಲಿ ಪೂರ್ತಿ ಓದಿ. 1768ರ ಸ್ಕ್ಯಾನ್ ಪ್ರತಿಯಲ್ಲಿ 'ಎಸ್' ಅಕ್ಷರದ ಹಳೆಯ ಉದ್ದ ರೂಪ 'ಎಫ್' ಥರ ಕಾಣುತ್ತದೆ. ಯಂತ್ರವೂ ಹಾಗೇ ಓದುವುದರಿಂದ ಪದ ಹುಡುಕಿದರೆ ಸಿಗುವುದಿಲ್ಲ. ಒಂದರಿಂದ ಕೊನೆಯ ಪುಟದವರೆಗೆ ಸಾಲಾಗಿ ಓದುವ ಹಟ ಬೇಡ. ಆ ಹಟದಿಂದಲೇ ಹೆಚ್ಚಿನವರು ಎರಡನೇ ಸಂಪುಟದಲ್ಲಿ ಕೈಬಿಡುತ್ತಾರೆ.

## ಚಿಂತನೆಯ ಒಳಗೆ

ಎಲ್ಲರೂ ತಮ್ಮ ತೃಪ್ತಿಗಾಗಿಯೇ ಕೆಲಸ ಮಾಡುತ್ತಾರೆ ಅಂದರೆ ಎಲ್ಲರೂ ಸ್ವಾರ್ಥಿಗಳು ಅಂತಲೇ?

ಟಕ್ಕರ್ ವಾದ ಹಾಗಲ್ಲ. ಯಾವುದೇ ಕೆಲಸಕ್ಕೆ ಕೈಯನ್ನು ಮುಂದೆ ತಳ್ಳುವ ಕೊನೆಯ ನೂಕು ಆ ಕ್ಷಣದ ತೃಪ್ತಿ ಎಂದು ಆತ ಹೇಳುತ್ತಾನೆ. ಸಂಗೀತ ಕೇಳುವಾಗಿನ, ಒಳ್ಳೆಯ ಊಟದ, ಸತ್ಕಾರ್ಯದ ತೃಪ್ತಿಗಳು ಜಾತಿಯಲ್ಲಿ ಒಂದೇ, ಪ್ರಮಾಣದಲ್ಲಷ್ಟೇ ಬೇರೆ. ಆದರೆ ತೃಪ್ತಿ ಎಲ್ಲಿಂದ ಬರುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಮಗು ಉಂಡರೆ ತಾಯಿಗೆ ಹೊಟ್ಟೆ ತುಂಬುತ್ತದೆ. ಅವಳನ್ನು ಸ್ವಾರ್ಥಿ ಎನ್ನುವವರುಂಟೆ? ಪರರ ಸುಖದಲ್ಲಿ ತೃಪ್ತಿ ಕಾಣದವನು ಸ್ವಾರ್ಥಿ. ಈ ಎರಡನ್ನು ಗೊಂದಲ ಮಾಡಿಕೊಂಡ ಓದುಗರೇ ಹೆಚ್ಚು.

'ಟ್ರಾನ್ಸ್‌ಲೇಶನ್' ಅಂತ ಅಲ್ಲಲ್ಲಿ ಬರುತ್ತದೆ. ಅನುವಾದಕ್ಕೂ ನೀತಿಗೂ ಏನು ಸಂಬಂಧ?

ಅನುವಾದವಲ್ಲ, ಸ್ಥಳಾಂತರ. ಗುರಿಯ ಮೇಲಿದ್ದ ಆಸೆ ಗುರಿಗೆ ಒಯ್ಯುವ ದಾರಿಯ ಮೇಲೆ ಕೂತುಬಿಡುವುದು. ದುಡ್ಡು ಮೊದಲು ಬೇಕಾದದ್ದು ಸಾಮಾನು ಕೊಳ್ಳಲಿಕ್ಕೆ. ಬರಬರುತ್ತಾ ಸಾಮಾನಿನ ನೆನಪು ಅಳಿದು ದುಡ್ಡೇ ಪ್ರಿಯವಾಗುತ್ತದೆ, ಜಿಪುಣ ಹುಟ್ಟುತ್ತಾನೆ. ಸತ್ಯ ಹೇಳುವುದು, ಮಾತು ಉಳಿಸಿಕೊಳ್ಳುವುದು ಇವೂ ಹಾಗೆಯೇ: ಮೊದಲು ಉಪಯೋಗಕ್ಕೆ, ಆಮೇಲೆ ಅವುಗಳ ಸಲುವಾಗಿಯೇ. ಹಾಗಾಗಿ ನೀತಿಪ್ರಜ್ಞೆ ಹುಟ್ಟಿನಿಂದ ಬಂದ ಆರನೇ ಇಂದ್ರಿಯವಲ್ಲ, ಬೆಳೆದು ಬಂದದ್ದು.

ಈ ಯೋಚನೆ ಪೂರ್ತಿ ಟಕ್ಕರ್‌ನದಲ್ಲ. 1731ರಲ್ಲೇ ಪಾದ್ರಿ ಜಾನ್ ಗೇ (ಅದೇ ಹೆಸರಿನ ಕವಿಯಲ್ಲ) ಇದೇ ದುಡ್ಡಿನ ಉದಾಹರಣೆ ಕೊಟ್ಟಿದ್ದ. 1861ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಸದ್ಗುಣದ ಬಗ್ಗೆ ಬರೆಯುವಾಗಲೂ ಹೋಲಿಸಿದ್ದು ದುಡ್ಡಿಗೇ.

ರೆಗ್ಯುಲಸ್ ಪ್ರಸಂಗಕ್ಕೆ ಯಾಕಷ್ಟು ಮಹತ್ವ?

ಇಡೀ ವ್ಯವಸ್ಥೆ ಸೋರುವ ಜಾಗ ಅದು, ಅದನ್ನು ತೋರಿಸಿದವನೂ ಲೇಖಕನೇ. ರೋಮಿನ ಸೇನಾನಿ ರೆಗ್ಯುಲಸ್ ಕಾರ್ಥೇಜಿಗೆ ಸೆರೆಸಿಕ್ಕಿದ್ದ. ಸಂಧಾನಕ್ಕೆಂದು ಅವನನ್ನು ರೋಮಿಗೆ ಕಳಿಸಿದಾಗ, ಸಂಧಿ ಬೇಡವೆಂದು ತನ್ನವರಿಗೆ ಹೇಳಿ, ಕೊಟ್ಟ ಮಾತಿನಂತೆ ಸಾಯಲು ಹಿಂತಿರುಗಿದ ಎಂಬುದು ಕಥೆ. ನಮ್ಮ ಪುಣ್ಯಕೋಟಿಯ ಸತ್ಯವಾಕ್ಯ ನೆನಪಾಗುತ್ತದೆ. ಇಲ್ಲಿ ಮಾತ್ರ ಹುಲಿ ಕರಗಲಿಲ್ಲ.

ಎಲ್ಲ ನಡತೆಯ ಬೇರು ಸ್ವಂತ ತೃಪ್ತಿಯಾದರೆ ರೆಗ್ಯುಲಸ್ ಮಾಡಿದ್ದು ಬುದ್ಧಿವಂತಿಕೆಯೆ? ಮಾತು ಮುರಿದು ಬದುಕಿದ್ದರೆ ಅಂಥ ಅಭ್ಯಾಸದವನಿಗೆ ಬದುಕು ನರಕವಾಗುತ್ತಿತ್ತು ಎನ್ನಬಹುದು. ಅಷ್ಟಾದರೂ, ಈ ಒಂದು ಜನ್ಮದ ಲೆಕ್ಕ ಮಾತ್ರ ಹಿಡಿದರೆ ಪ್ರಾಣ ಕೊಡುವ ಮಟ್ಟದ ಸದ್ಗುಣಕ್ಕೆ ಸಮರ್ಥನೆ ಸಿಗುವುದಿಲ್ಲ ಎಂದು ಟಕ್ಕರ್ ಒಪ್ಪಿಕೊಂಡ. ದೇವರು, ಪರಲೋಕ ಅವನ ವಾದದೊಳಗೆ ಬರುವುದು ಈ ಬಿರುಕಿನ ಮೂಲಕ.

'ಜಗದ ಬ್ಯಾಂಕು' ಅಂದರೆ ನಮ್ಮ ಕರ್ಮ ಸಿದ್ಧಾಂತವೇ ಅಲ್ಲವಾ?

ಹತ್ತಿರ ಬಂದು ಬೇರೆ ದಾರಿ ಹಿಡಿಯುತ್ತದೆ. ಟಕ್ಕರ್ ಹೇಳುವಂತೆ ನಾವು ಮಾಡುವ ಪ್ರತಿ ಒಳಿತೂ ಜಗತ್ತೆಂಬ ಬ್ಯಾಂಕಿನಲ್ಲಿ ಜಮೆಯಾಗುತ್ತದೆ. ದೇವರು ನಂಬಿಕಸ್ಥ ಬ್ಯಾಂಕರ್, ಠೇವಣಿ ಮುಳುಗದು. ಕರ್ಮದಲ್ಲಿ ಖಾತೆ ನಿಮ್ಮದು ಮಾತ್ರ: ಮಾಡಿದ್ದುಣ್ಣೋ ಮಹಾರಾಯ. ಟಕ್ಕರ್‌ನದು ಕೂಡುಖಾತೆ, ಪಾಲುದಾರಿಕೆಯ ವ್ಯಾಪಾರದಂತೆ. ಒಟ್ಟು ಬಂಡವಾಳ ಬೆಳೆದರೆ ಪ್ರತಿ ಪಾಲುದಾರನಿಗೂ ಲಾಭ. ಅಲ್ಲದೆ ದೇವರು ಪಕ್ಷಪಾತಿಯಲ್ಲವಾದ್ದರಿಂದ, ಇಡೀ ಅಸ್ತಿತ್ವದ ಲೆಕ್ಕ ತೆಗೆದರೆ ಎಲ್ಲ ಜೀವಗಳ ಸುಖದ ಮೊತ್ತ ಸಮವಾಗಲೇಬೇಕು ಎಂದು ಆತ ವಾದಿಸುತ್ತಾನೆ. ಇದರಿಂದ ನಿತ್ಯ ನರಕ ಬಿದ್ದುಹೋಗುತ್ತದೆ. ಆ ಕಾಲದ ಚರ್ಚಿನೊಳಗಿದ್ದು ಇದನ್ನು ಹೇಳಲು ಧೈರ್ಯ ಬೇಕಿತ್ತು.

ತೊಂದರೆಯೂ ಇಲ್ಲಿಯೇ. ಕೊನೆಗೆ ಎಲ್ಲರ ಪಾಲೂ ಸಮ ಎಂದಾದರೆ ಒಳ್ಳೆಯವನಾಗಿ ನಾನು ಹೆಚ್ಚು ಪಡೆದದ್ದೇನು? ಒಟ್ಟು ಮೊತ್ತ ಹಿಗ್ಗುತ್ತದೆ ಎಂಬ ಉತ್ತರ ಇದೆ. ಆದರೆ ಕೋಟ್ಯಂತರ ಪಾಲುದಾರರಿರುವ ವ್ಯಾಪಾರದಲ್ಲಿ ನನ್ನ ಒಂದು ಕಾಸಿನ ಲಾಭಾಂಶ ಯಾರ ಮನಸ್ಸನ್ನೂ ಅಲುಗಿಸುವಂಥದಲ್ಲ.

ಸತ್ತ ಮೇಲಿನ 'ವಾಹನ' ಅಂದರೆ ಸೂಕ್ಷ್ಮ ಶರೀರವಾ? ಭಾರತದಿಂದ ತೆಗೆದುಕೊಂಡನಾ?

ಕಲ್ಪನೆ ಹೋಲುತ್ತದೆ: ಸ್ಥೂಲ ದೇಹ ಬಿದ್ದ ಮೇಲೆ ಆತ್ಮ ಒಂದು ಅತಿ ಸಣ್ಣ ಹೊದಿಕೆಯಲ್ಲಿ ಉಳಿಯುತ್ತದೆ. ಆದರೆ ಮೂಲ ಗ್ರೀಸಿನ ಪ್ಲೇಟೊ ಪಂಥದವರದು. 'ವಿಷನ್' ಎಂಬ ಅಧ್ಯಾಯದಲ್ಲಿ ಎಡ್ವರ್ಡ್ ಸರ್ಚ್ ಕನಸಿನಲ್ಲಿ ದೇಹ ಬಿಟ್ಟು ಹೋಗುತ್ತಾನೆ. ದಾರಿ ತೋರಿಸುವವನು ದಾರ್ಶನಿಕ ಲಾಕ್. ಹಳೆಯ ಗ್ರೀಕರು ಸಿಗುತ್ತಾರೆ, ತೀರಿಕೊಂಡ ಹೆಂಡತಿಯೂ ಸಿಗುತ್ತಾಳೆ. ಆಮೇಲೆ ಜಗದಾತ್ಮದಲ್ಲಿ ಸ್ವಲ್ಪ ಹೊತ್ತು ಲೀನನಾಗಿ ಮರಳುತ್ತಾನೆ. ಇದನ್ನು ಸಿದ್ಧಾಂತವಾಗಿ ಓದಿದರೆ ಬಾಲಿಶ. ಹೀಗೂ ಇರಬಹುದಲ್ಲ ಎಂಬ ಊಹೆಯಾಗಿಯೇ ಲೇಖಕ ಇಟ್ಟಿದ್ದಾನೆ. ಹಾಗೆ ಓದಿದರೆ ಇಡೀ ಗ್ರಂಥದಲ್ಲಿ ಅತ್ಯಂತ ಜೀವಂತ ಭಾಗ.

ಬೆಂಥಮ್, ಪೇಲಿಗಿಂತ ಮೊದಲೇ ಇದನ್ನೆಲ್ಲ ಹೇಳಿದ್ದರೆ ಹೆಸರು ಯಾಕೆ ಉಳಿಯಲಿಲ್ಲ?

ಪಾದ್ರಿ, ನೀತಿಲೇಖಕ ವಿಲಿಯಂ ಪೇಲಿ ಟಕ್ಕರ್‌ನಿಂದ ಪಡೆದ ಸಾಲವನ್ನು ಮುಚ್ಚಿಡಲಿಲ್ಲ. 1785ರ ತನ್ನ ನೀತಿಶಾಸ್ತ್ರದ ಪುಸ್ತಕದ ಮುನ್ನುಡಿಯಲ್ಲಿ, ಈ ಲೇಖಕನಲ್ಲಿ ಕಂಡ ಸ್ವಂತ ಯೋಚನೆ ಉಳಿದವರನ್ನೆಲ್ಲ ಒಟ್ಟು ಸೇರಿಸಿದರೂ ಸಿಗುವುದಿಲ್ಲ ಎಂಬಷ್ಟು ಹೊಗಳಿದ. ಜತೆಗೇ, ಆ ಯೋಚನೆಗಳು ಉದ್ದವಾದ, ಅಡ್ಡಾದಿಡ್ಡಿ ಗ್ರಂಥದಲ್ಲಿ ಚೆಲ್ಲಿಹೋಗಿವೆ ಎಂದೂ ಬರೆದ. ಪೇಲಿಯ ಅಚ್ಚುಕಟ್ಟಾದ ಪುಸ್ತಕ ಕೇಂಬ್ರಿಡ್ಜಿನಲ್ಲಿ ಪಠ್ಯವಾಯಿತು, ಟಕ್ಕರ್ ಅದರ ಮುನ್ನುಡಿಯಲ್ಲಿ ಉಳಿದ. ಕಾನೂನು ಚಿಂತಕ ಬೆಂಥಮ್ ದೇವರನ್ನು ಪಕ್ಕಕ್ಕಿಟ್ಟು ಕಾನೂನು ತಿದ್ದುವ ಆಯುಧವಾಗಿ ಸುಖದ ಲೆಕ್ಕವನ್ನು ಬಳಸಿದ. ಟಕ್ಕರ್‌ನಲ್ಲಿ ದೇವರನ್ನು ತೆಗೆದರೆ ಬ್ಯಾಂಕೇ ದಿವಾಳಿ.

ಇನ್ನೊಂದು ಕಾರಣ ಬಿಡುವು. ಪಾಠ ಹೇಳುವವನಿಗೆ ಗಂಟೆ ಬಾರಿಸುತ್ತದೆ, ಬರೆದು ಬದುಕುವವನಿಗೆ ಪ್ರಕಾಶಕ ಪುಟ ಎಣಿಸುತ್ತಾನೆ. ಬೆಚ್‌ವರ್ತ್‌ನಲ್ಲಿ ಸಾಕು ಎನ್ನುವವರು ಯಾರೂ ಇರಲಿಲ್ಲ. ಹೊಲ, ಕುದುರೆ, ಅಡುಗೆಮನೆ, ಕೋರ್ಟು ಎಲ್ಲದರಿಂದ ಉದಾಹರಣೆ ತಂದು ನಿಧಾನವಾಗಿ ಬಿಡಿಸಿ ಹೇಳುವ ಸುಖವೂ, ಒಂದೇ ಮಾತನ್ನು ಮೂರು ಕಡೆ ಹೇಳುವ ಕಾಟವೂ ಆ ಬಿಡುವಿನಿಂದಲೇ ಬಂದವು. ಹ್ಯಾಜ್ಲಿಟ್ ಏಳು ಸಂಪುಟಗಳನ್ನು ಒಂದಕ್ಕೆ ಇಳಿಸಿದರೂ ವಾದದ ಎಳೆ ಎಲ್ಲೂ ಹರಿಯಲಿಲ್ಲ.